ಜುಲೈ ಏಳರ ಮೂರನೆಯ ಕ್ಯಾಪ್ಟನ್

ಪ್ರತಿ ವರ್ಷ ಜುಲೈ ಮೊದಲ ವಾರ ಬಂತೆಂದರೆ ನನ್ನ ಮೊಬೈಲಿಗೆ ಎರಡು ಭಾವಚಿತ್ರಗಳು ತಪ್ಪದೆ ಬರುತ್ತವೆ. ಒಂದು ಕ್ಯಾಪ್ಟನ್ ವಿಕ್ರಮ್ ಬತ್ರಾ ಅವರದು, ಇನ್ನೊಂದು ಕ್ಯಾಪ್ಟನ್ ಅನುಜ್ ನಯ್ಯರ್ ಅವರದು. ಇಬ್ಬರೂ 1999ರ ಜುಲೈ 7ರಂದು, ಪಾಯಿಂಟ್ 4875 ಎಂಬ ಒಂದೇ ಬೆಟ್ಟಸಾಲಿನಲ್ಲಿ ಪ್ರಾಣ ಕೊಟ್ಟವರು. ಬತ್ರಾ ಅವರಿಗೆ ಪರಮವೀರ ಚಕ್ರ, ನಯ್ಯರ್ ಅವರಿಗೆ ಮಹಾವೀರ ಚಕ್ರ. ಕಾರ್ಗಿಲ್ ಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರ ಹುಟ್ಟಿದ ಮಕ್ಕಳಿಗೂ ಅವರ ಮುಖ ಗೊತ್ತು, ಮಾತು ಗೊತ್ತು. ಗೊತ್ತಿರಬೇಕಾದದ್ದೇ. ಆದರೆ ಅದೇ ದಿನ, ಅದೇ ಹೋರಾಟದ ಭಾಗವಾಗಿ, ಟ್ವಿನ್ ಬಂಪ್ಸ್ ಎಂಬ ಜೋಡಿ ದಿಬ್ಬಗಳ ಮೇಲೆ ಇನ್ನೊಬ್ಬ ಕ್ಯಾಪ್ಟನ್ ತೀರಿಕೊಂಡರು. ಹೆಸರು ಆರ್. ಜೆರಿ ಪ್ರೇಮ್ ರಾಜ್. ರೆಜಿಮೆಂಟ್ 158 ಮೀಡಿಯಂ. ಫಿರಂಗಿ ದಳದ ಅಧಿಕಾರಿ. ಮರಣೋತ್ತರ ವೀರ ಚಕ್ರ. ಅವರ ಚಿತ್ರ ನನಗೆ ಯಾರೂ ಕಳುಹಿಸಿಲ್ಲ.

ಇದನ್ನು ಮೂವರ ನಡುವಿನ ಹೋಲಿಕೆಯಾಗಿ ಯಾರೂ ಓದಬಾರದು. ಸತ್ತವರನ್ನು ತಕ್ಕಡಿಯಲ್ಲಿಟ್ಟು ತೂಗುವುದು ನನಗೆ ಅಸಹ್ಯ. ನನಗೆ ಬೇಕಾಗಿರುವುದು ಬೇರೊಂದು ಉತ್ತರ. ಒಂದೇ ದಿನ, ಒಂದೇ ಬೆಟ್ಟಸಾಲು, ಒಂದೇ ಹುದ್ದೆ, ಹೆಚ್ಚು ಕಡಿಮೆ ಒಂದೇ ವಯಸ್ಸು. ಹಾಗಿದ್ದೂ ಒಬ್ಬನ ಕಥೆ ಮಾತ್ರ ಜನರ ಬಾಯಿಗೆ ಬರದೆ ಹೋಗುವುದು ಹೇಗೆ? ನಿರ್ಲಕ್ಷ್ಯ ಎಂಬ ಸುಲಭದ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಫಿರಂಗಿಯವನು ಮಾಡುವ ಕೆಲಸದೊಳಗೇ, ಅವನು ಸಾಯುವ ರೀತಿಯೊಳಗೇ ಏನೋ ಇದೆ. ಅದು ಅವನನ್ನು ಕಣ್ಣಿಗೆ ಬೀಳದಂತೆ ಮಾಡುತ್ತದೆ.

ನೆಲದ ಮೇಲೆ ಎಳೆದ ಮೂರು ಗೆರೆ

ಇದು ನನಗೆ ಮೊದಲ ಬಾರಿ ಅರ್ಥವಾದದ್ದು ಸೋಮವಾರಪೇಟೆಯ ಕಡೆ, ಬಂಧುವೊಬ್ಬರ ಮನೆಯಲ್ಲಿ. ಪಕ್ಕದ ತೋಟದ ಯಜಮಾನರು ಫಿರಂಗಿ ದಳದಿಂದ ನಿವೃತ್ತರಾದ ಹವಾಲ್ದಾರರು. ಎಡಗಿವಿ ಸರಿಯಾಗಿ ಕೇಳುವುದಿಲ್ಲ. ಮಾತನಾಡುವವರ ಎಡಕ್ಕೆ ತಾವೇ ಸರಿದು ಕೂರುತ್ತಾರೆ. 1999ರ ಬೇಸಿಗೆಯಲ್ಲಿ ದ್ರಾಸ್‌ನ ಹೆದ್ದಾರಿ ಬದಿಯಲ್ಲಿ ಅವರ ಬ್ಯಾಟರಿ, ಅಂದರೆ ಆರು ಫಿರಂಗಿಗಳ ತುಕಡಿ, ನಿಂತಿತ್ತು. ಅವರದು 158 ಅಲ್ಲ, ಬೇರೆ ರೆಜಿಮೆಂಟ್. ಕಾಫಿ ಕಣದಲ್ಲಿ ಕೂತು ಮಾತನಾಡುತ್ತಿದ್ದಾಗ ನಾನು, ಶತ್ರುವನ್ನು ಎಷ್ಟು ಹತ್ತಿರದಿಂದ ನೋಡಿದ್ದಿರಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿಯೇ ಇಲ್ಲ" ಎಂದರು. ಯುದ್ಧವಿಡೀ ನೋಡಿದ್ದು ಎದುರಿಗಿದ್ದ ಗುಡ್ಡದ ಬೆನ್ನು ಮಾತ್ರವಂತೆ.

ಆಮೇಲೆ ಕಡ್ಡಿಯೊಂದನ್ನು ಎತ್ತಿಕೊಂಡು ಕಣದ ಮಣ್ಣಿನಲ್ಲಿ ಮೂರು ಗುರುತು ಹಾಕಿದರು. ಇಲ್ಲಿ ನಾವು, ಫಿರಂಗಿ. ಇಲ್ಲಿ ಗುಡ್ಡ. ಗುಡ್ಡದ ಆಚೆ, ಶತ್ರುವಿಗೆ ಕೆಲವೇ ನೂರು ಗಜ ಸಮೀಪದಲ್ಲಿ ಓಪಿ ಸಾಹೇಬರು. ಅಬ್ಸರ್ವೇಷನ್ ಪೋಸ್ಟಿನ ಅಧಿಕಾರಿ ಎನ್ನುವುದು ಪೂರ್ಣ ಹೆಸರಾದರೂ ಗನ್ನರುಗಳ ಬಾಯಲ್ಲಿ ಅದು ಯಾವಾಗಲೂ ಓಪಿ. ಅವರ ಬಳಿ ನಕಾಶೆ, ದಿಕ್ಸೂಚಿ, ದುರ್ಬೀನು; ಪಕ್ಕದಲ್ಲಿ ರೇಡಿಯೋ ಹೊತ್ತ ಒಬ್ಬ ಸೈನಿಕ, ಲೆಕ್ಕ ಹಾಕಲು ನೆರವಾಗುವ ಇನ್ನೊಬ್ಬ. ಗುಂಡು ಎಲ್ಲಿ ಬಿತ್ತು ಎಂದು ನೋಡುವುದು ಅವರು. ಬಲಕ್ಕೆ ನೂರು, ಮುಂದಕ್ಕೆ ಇನ್ನೂರು ಎಂದು ತಿದ್ದುವುದು ಅವರು. ಕೆಳಗೆ ಕಮಾಂಡ್ ಪೋಸ್ಟಿನಲ್ಲಿ ಆ ಮಾತು ಕೋನಗಳ ಲೆಕ್ಕವಾಗುತ್ತದೆ, ಲೆಕ್ಕ ಆದೇಶವಾಗುತ್ತದೆ, ಆದೇಶ ಬಂದೊಡನೆ ಇವರು 40 ಕಿಲೋಗಿಂತ ಭಾರದ ಶೆಲ್ ತುಂಬುತ್ತಾರೆ. ಹಾರಿದ ಗುಂಡು ನೆಲ ಮುಟ್ಟಲು ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಷ್ಟು ಹೊತ್ತು ಇಡೀ ಬ್ಯಾಟರಿ ಕಾಯುವುದು ಒಬ್ಬ ಮನುಷ್ಯನ ದನಿಗೆ.

"ಆ ದನಿಯಲ್ಲೇ ನಮಗೆ ಎಲ್ಲವೂ ತಿಳಿಯುತ್ತಿತ್ತು" ಎಂದರು. ಉಸಿರು ಏರಿದ್ದರೆ ಸಾಹೇಬರು ಹತ್ತುತ್ತಿದ್ದಾರೆ. ಪಿಸುಗುಟ್ಟಿದರೆ ಶತ್ರು ಹತ್ತಿರದಲ್ಲಿದ್ದಾನೆ. ಹಿನ್ನೆಲೆಯಲ್ಲಿ ಮೆಷಿನ್‌ಗನ್ ಸದ್ದು ಕೇಳಿದರೆ ಇವರ ಕೈಗಳು ತಾವಾಗಿಯೇ ಚುರುಕಾಗುತ್ತಿದ್ದವು. ದನಿ ಇದ್ದಕ್ಕಿದ್ದಂತೆ ನಿಂತರೆ? ನಾನು ಕೇಳಬಾರದಿತ್ತೇನೋ, ಕೇಳಿದೆ. ರೇಡಿಯೋದ ಬ್ಯಾಟರಿ ಹೋಗಿದ್ದರೂ ನಿಲ್ಲುತ್ತದೆ, ಸೆಟ್ ಕೆಟ್ಟರೂ ನಿಲ್ಲುತ್ತದೆ, ಎಂದು ಅವರು ನಿಧಾನವಾಗಿ ಹೇಳಿದರು. ಮೊದಲು ಆ ಎರಡನ್ನೇ ಅಂದುಕೊಳ್ಳುತ್ತಿದ್ದರಂತೆ. ಮೂರನೆಯ ಕಾರಣವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ಬೇರೆಯವರ ನಡುವೆ

ಕಾಲಾಳು ಪಡೆಯ ಅಧಿಕಾರಿ ಸತ್ತಾಗ ಸುತ್ತ ಇರುವವರು ಅವನವರೇ. ಅವನ ಹಿಂದೆ ಬಂದ ಜವಾನರು ಅವನನ್ನು ವರ್ಷಗಳಿಂದ ಬಲ್ಲವರು. ಅವನು ಏನು ಹೇಳಿದ, ಹೇಗೆ ಬಿದ್ದ, ಕೊನೆಗೆ ಯಾರತ್ತ ನೋಡಿದ ಎನ್ನುವುದೆಲ್ಲ ಆ ಪಲ್ಟನ್ನಿನ ನೆನಪಾಗಿ ಉಳಿಯುತ್ತದೆ. ಮೆಸ್ಸಿನ ಗೋಡೆಯ ಮೇಲೆ, ವರ್ಷಾಚರಣೆಯ ಭಾಷಣದಲ್ಲಿ, ನಿವೃತ್ತರ ಮಾತಿನಲ್ಲಿ ಬೆಳೆಯುತ್ತದೆ. ಫಿರಂಗಿಯ ಓಪಿ ಅಧಿಕಾರಿಗೆ ಆ ಭಾಗ್ಯವಿಲ್ಲ. ರೆಜಿಮೆಂಟಿನ ಮೂರು ಬ್ಯಾಟರಿಗಳ 18 ಫಿರಂಗಿಗಳು ಕಣಿವೆಯಲ್ಲಿರುತ್ತವೆ. ಬ್ಯಾಟರಿ ಕಮಾಂಡರ್ ಆದ ಮೇಜರ್ ಕಾಲಾಳು ಪಲ್ಟನ್ನಿನ ಕಮಾಂಡಿಂಗ್ ಅಧಿಕಾರಿಯ ಪಕ್ಕದಲ್ಲಿ. ಕಿರಿಯ ಕ್ಯಾಪ್ಟನ್, ಲೆಫ್ಟಿನೆಂಟುಗಳು ದಾಳಿ ಮಾಡುವ ಕಂಪನಿಗಳ ಜೊತೆ. ಅಂದರೆ ರೆಜಿಮೆಂಟಿನಲ್ಲಿ ಶತ್ರುವಿನ ಬಂದೂಕಿಗೆ ಅತಿ ಹತ್ತಿರ ಹೋಗುವವರು ತಮ್ಮ ರೆಜಿಮೆಂಟಿನಿಂದ ಅತಿ ದೂರದಲ್ಲಿರುತ್ತಾರೆ. ಅವರು ಸಾಯುವುದು ಇನ್ನೊಂದು ಪಲ್ಟನ್ನಿನ ಜನರ ಮಧ್ಯೆ, ಆ ಪಲ್ಟನ್ನಿನ ವಿಜಯದ ದಾರಿಯಲ್ಲಿ.

ಜೆರಿ ಪ್ರೇಮ್ ರಾಜ್ ಹೋಗಿದ್ದು 2 ನಾಗಾ ಪಲ್ಟನ್ನಿನ ಜೊತೆ. ನಾಗಾ ರೆಜಿಮೆಂಟಿನಲ್ಲಿ ಅರ್ಧದಷ್ಟು ನಾಗಾಗಳು, ಉಳಿದರ್ಧ ಕುಮಾವೂನಿ, ಗಢವಾಲಿ, ಗೂರ್ಖಾ ಜನ. ಇವರೋ ತಿರುವನಂತಪುರದ ಹತ್ತಿರದ ವೆಂಗಾನೂರಿನವರು, ಸಮುದ್ರದ ಸೀಮೆಯ ಹುಡುಗ. ಮೊದಲು ವಾಯುಪಡೆಗೆ ಏರ್‌ಮನ್ ಆಗಿ ಸೇರಿ, ಆಮೇಲೆ ಸೇನೆಯ ಅಧಿಕಾರಿಯಾದವರು. ಈ ಒಂದು ಸಂಗತಿ ನನಗೆ ಅವರ ಸ್ವಭಾವದ ಬಗ್ಗೆ ಬಹಳ ಹೇಳುತ್ತದೆ. ಸಮವಸ್ತ್ರ ಸಿಕ್ಕಿತ್ತು, ಸಂಬಳ ಸಿಕ್ಕಿತ್ತು, ಊರಿನಲ್ಲಿ ಮರ್ಯಾದೆಯೂ ಸಿಕ್ಕಿತ್ತು. ಅಲ್ಲಿಗೇ ನಿಲ್ಲದೆ ಮತ್ತೆ ಪರೀಕ್ಷೆ, ಮತ್ತೆ ತರಬೇತಿ, ಮತ್ತೆ ಮೊದಲಿನಿಂದ. ಯುದ್ಧ ಶುರುವಾದಾಗ ಅವರಿಗೆ ಆಗಷ್ಟೇ ಮದುವೆಯಾಗಿತ್ತು.

ಜುಲೈ 6ರ ರಾತ್ರಿ ಕಳೆದು 7 ಬಂದಾಗ ನಾಗಾ ಕಂಪನಿ ಟ್ವಿನ್ ಬಂಪ್ಸ್ ಕಡೆ ಏರುತ್ತಿತ್ತು. ಮೇಲಿನ ಬಂಕರುಗಳಿಂದ ಗುಂಡಿನ ಮಳೆ. ಆ ಬಂಕರುಗಳ ಮೇಲೆ ಫಿರಂಗಿ ಗುಂಡು ಬೀಳಿಸುವುದು ಜೆರಿ ಅವರ ಹೊಣೆ. ಹಾಗೆ ಬೀಳಿಸಬೇಕಾದರೆ ಬಂಕರು ಕಾಣಬೇಕು. ಬಂಕರು ಕಾಣುವಲ್ಲಿ ಕುಳಿತರೆ ಬಂಕರಿನವನಿಗೆ ತಾನೂ ಕಾಣುತ್ತಾನೆ. ಓಪಿ ಅಧಿಕಾರಿಯ ಇಡೀ ಕಸುಬಿನ ಅಪಾಯ ಇಷ್ಟರಲ್ಲಿದೆ. ಅವರು ಕಾಣುವಲ್ಲಿಗೆ ಹೋದರು, ಸ್ನೈಪರ್ ಗುಂಡು ತಗುಲಿತು. ಗಾಯಗೊಂಡ ಮೇಲೂ ಅವರು ಗುರಿ ತಿದ್ದುವುದನ್ನು ನಿಲ್ಲಿಸಲಿಲ್ಲ. ಅವರ ಪ್ರಶಸ್ತಿಯ ಒಕ್ಕಣೆಯ ತಿರುಳೇ ಇದು. ಬಂದೂಕು ಎತ್ತಿ ನುಗ್ಗಿದ್ದಕ್ಕಾಗಿ ಬಂದ ವೀರ ಚಕ್ರವಲ್ಲ. ಮೈಯಲ್ಲಿ ಗುಂಡಿಟ್ಟುಕೊಂಡು ಅಂಕಿಗಳನ್ನು ಸರಿಯಾಗಿ ಹೇಳಿದ್ದಕ್ಕಾಗಿ ಬಂದದ್ದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನಗೆ ಇಡೀ ವಿಷಯದ ಎದೆ ಇರುವುದು ಇಲ್ಲೇ. ನೋವಿನಲ್ಲಿ ಕೂಗಬಹುದು, ಸಿಟ್ಟಿನಲ್ಲಿ ನುಗ್ಗಬಹುದು; ಅವೆರಡಕ್ಕೂ ದೇಹವೇ ಒಂದಿಷ್ಟು ಬಲ ಕೊಡುತ್ತದೆ. ಆದರೆ ರಕ್ತ ಹರಿಯುತ್ತಿರುವಾಗ ದೂರವನ್ನು ಅಂದಾಜು ಮಾಡುವುದು, ಎಡ ಬಲ ತಪ್ಪದಿರುವುದು, ಹೊಗೆ ಎದ್ದದ್ದು ಬಂಕರಿನ ಹಿಂದೆಯೋ ಮುಂದೆಯೋ ಎಂದು ತೀರ್ಮಾನಿಸುವುದು, ಅದನ್ನು ರೇಡಿಯೋದಲ್ಲಿ ಸ್ಪಷ್ಟವಾಗಿ ಹೇಳುವುದು, ಇದಕ್ಕೆ ದೇಹ ನೆರವಾಗುವುದಿಲ್ಲ, ಅಡ್ಡ ಬರುತ್ತದೆ. ಒಂದು ಅಂಕಿ ತಪ್ಪಿದರೆ ಗುಂಡು ಬೀಳುವುದು ಏರುತ್ತಿರುವ ನಾಗಾ ಹುಡುಗರ ಮೇಲೆ. ಆ ಹೊತ್ತಿನಲ್ಲಿ ತಲೆಯನ್ನು ತಣ್ಣಗಿಟ್ಟುಕೊಂಡವನ ಧೈರ್ಯ ಯಾವ ಧೈರ್ಯಕ್ಕೂ ಕಡಿಮೆಯಲ್ಲ. ಅದು ಚಿತ್ರವಾಗಿ ಮೂಡುವುದಿಲ್ಲ, ಅಷ್ಟೆ. ಟ್ವಿನ್ ಬಂಪ್ಸ್ ಭಾರತದ ಕೈಗೆ ಬಂದಾಗ ಯುದ್ಧದ ಚರಿತ್ರೆಯಲ್ಲಿ ಅದರ ಪಕ್ಕ ಬರೆಯಲ್ಪಟ್ಟ ಹೆಸರು 2 ನಾಗಾ. ನ್ಯಾಯವೇ. ಹತ್ತಿ ಹಿಡಿದವರು ಅವರು.

ತೆಳುಗಾಳಿಯ ಲೆಕ್ಕ

ಕಾರ್ಗಿಲ್‌ನಲ್ಲಿ ಫಿರಂಗಿಯ ಪಾತ್ರದ ಬಗ್ಗೆ ಅಂಕಿಗಳು ಸಿಗುತ್ತವೆ. ಆ ಯುದ್ಧದಲ್ಲಿ ನಮ್ಮ ಸುಮಾರು 300 ಫಿರಂಗಿ, ಮಾರ್ಟರ್, ರಾಕೆಟ್ ಲಾಂಚರುಗಳಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಶೆಲ್ಲು, ಬಾಂಬು, ರಾಕೆಟುಗಳು ಹಾರಿದವು. ದಿನಕ್ಕೆ ಸುಮಾರು 5,000. ಟೈಗರ್ ಹಿಲ್ ಮರಳಿ ಪಡೆದ ದಿನ 9,000. ಬೋಫೋರ್ಸ್ ಎಂಬ ಹೆಸರು ಹತ್ತು ವರ್ಷಕ್ಕೂ ಹೆಚ್ಚು ಕಾಲ ನಮಗೆ ಹಗರಣದ ಹೆಸರಾಗಿತ್ತು. ಆ ಬೇಸಿಗೆಯಲ್ಲಿ ಟಿವಿ ನೋಡುತ್ತಿದ್ದ ಮನೆಮನೆಯಲ್ಲೂ ಅದು ಬೇರೆಯೇ ಅರ್ಥ ಪಡೆಯಿತು. ಫಿರಂಗಿಗಳಿಲ್ಲದೆ ಆ ಶಿಖರಗಳನ್ನು ಹತ್ತಲು ಆಗುತ್ತಿರಲಿಲ್ಲ ಎಂದು ಹತ್ತಿದವರೇ ಹೇಳಿದ್ದಾರೆ. ಜೂನ್ 13ರಂದು ತೊಲೊಲಿಂಗ್ ಗೆದ್ದ 2 ರಾಜಪುತಾನಾ ರೈಫಲ್ಸ್‌ನ ಮುಖ್ಯಸ್ಥರು ನಮ್ಮ ಕನ್ನಡಿಗರೇ ಆದ ಕರ್ನಲ್ ಎಂ. ಬಿ. ರವೀಂದ್ರನಾಥ್. ಅವರ ಜವಾನರು ಏರುವ ಮುನ್ನ ಆ ಬೆಟ್ಟದ ಮೇಲೆ ಬಿದ್ದದ್ದು ನೂರರಷ್ಟು ಫಿರಂಗಿಗಳ ಬೆಂಕಿ.

ಆದರೆ ಇಷ್ಟು ಗುಂಡು ಹಾರಿತು ಎಂದಾಕ್ಷಣ, ರಾಶಿ ರಾಶಿ ಸುರಿದರು, ಬೆಟ್ಟ ಬಿತ್ತು ಎಂಬ ಭಾವನೆ ಬರುತ್ತದೆ. ಹಾಗಲ್ಲ. ದ್ರಾಸ್ ಇರುವುದೇ 10,000 ಅಡಿಗಿಂತ ಮೇಲೆ. ಶಿಖರಗಳು 16,000 ಅಡಿ ಮತ್ತು ಅದಕ್ಕೂ ಎತ್ತರ. ಅಲ್ಲಿ ಗಾಳಿ ತೆಳು. ತೆಳುಗಾಳಿಯಲ್ಲಿ ಗುಂಡಿಗೆ ತಡೆ ಕಡಿಮೆ, ಆದ್ದರಿಂದ ಬಯಲಿನಲ್ಲಿ ಬೀಳುವುದಕ್ಕಿಂತ ದೂರ ಹೋಗಿ ಬೀಳುತ್ತದೆ. ಚಳಿಗೆ ಮದ್ದು ಉರಿಯುವ ವೇಗ ಬದಲಾಗುತ್ತದೆ. ಒಂದು ಕಣಿವೆಯ ಗಾಳಿ ಒಂದು ದಿಕ್ಕು, ಅದರ ಮೇಲಿನ ಕಣಿವೆಯದು ಇನ್ನೊಂದು. ಬಯಲಿನಲ್ಲಿ 50 ಮೀಟರ್ ತಪ್ಪಿದರೂ ಶತ್ರುವಿನ ಪಕ್ಕದಲ್ಲಿ ಬಿದ್ದು ಅವನನ್ನು ಹೆದರಿಸುತ್ತದೆ; ಇಲ್ಲಿ ಶತ್ರು ಕೂತಿರುವುದು ಚೂಪಾದ ಏಣಿನ ಮೇಲೆ. ಸ್ವಲ್ಪ ಉದ್ದವಾದರೆ ಗುಂಡು ಆಚೆಯ ಪ್ರಪಾತದಲ್ಲಿ ಸಾವಿರಾರು ಅಡಿ ಕೆಳಗೆ ಹೋಗಿ ಸಿಡಿಯುತ್ತದೆ, ಯಾರಿಗೂ ತಾಗದೆ. ಸೋಮವಾರಪೇಟೆಯ ಹವಾಲ್ದಾರರು ಹೇಳಿದಂತೆ, ಕಾಂಪೌಂಡ್ ಗೋಡೆಯ ಅಂಚಿನ ಮೇಲೆ ಕಲ್ಲು ನಿಲ್ಲುವಂತೆ ಬೀದಿಯಿಂದ ಎಸೆಯಬೇಕು, ಅದೂ ಗೋಡೆಯನ್ನು ನೋಡದೆ. ನೋಡಲು ಇದ್ದದ್ದು ಓಪಿಯ ಕಣ್ಣುಗಳು ಮಾತ್ರ. ಎರಡೂವರೆ ಲಕ್ಷ ಎಂಬ ಸಂಖ್ಯೆ ಕೇಳಿದಾಗಲೆಲ್ಲ ನನಗೆ ಈಗ ಬಂಡೆಗೆ ಅಂಟಿಕೊಂಡು ಕೂತ ಆ ಕೆಲವೇ ಅಧಿಕಾರಿಗಳು ನೆನಪಾಗುತ್ತಾರೆ. ಅವರು ತಿದ್ದದೇ ಇದ್ದಿದ್ದರೆ ಅದರಲ್ಲಿ ಬಹುಪಾಲು ಕಲ್ಲಿಗೆ ಬಿದ್ದ ಕಬ್ಬಿಣವಾಗುತ್ತಿತ್ತು.

ಬಾವುಟವಿಲ್ಲದ ದಳ

ನಮ್ಮ ಸೇನೆಯ ಕಾಲಾಳು ಪಲ್ಟನ್ನುಗಳಿಗೆ ತಮ್ಮದೇ ಧ್ವಜವಿದೆ. ಫಿರಂಗಿ ದಳಕ್ಕೆ ಫಿರಂಗಿಯೇ ಧ್ವಜ. ಪರೇಡಿನಲ್ಲಿ ಅದಕ್ಕೇ ಗೌರವ ಸಲ್ಲುತ್ತದೆ, ಯುದ್ಧದಲ್ಲಿ ಅದನ್ನು ಬಿಟ್ಟು ಬರುವುದು ಧ್ವಜ ಬಿಟ್ಟು ಬಂದಷ್ಟೇ ಅವಮಾನ. ದಳದ ಹುಟ್ಟನ್ನು 1827ರ ಸೆಪ್ಟೆಂಬರ್ 28ರಂದು ಬಾಂಬೆಯಲ್ಲಿ ಕಟ್ಟಿದ ಒಂದು ಬ್ಯಾಟರಿಯಿಂದ ಎಣಿಸುತ್ತಾರೆ. ಆ ದಿನವನ್ನು ಗನ್ನರ್ಸ್ ಡೇ ಎಂದು ಆಚರಿಸುತ್ತಾರೆ. ಆದರೆ 1857ರ ನಂತರ ಬ್ರಿಟಿಷರು ಭಾರತೀಯರ ಕೈಯಲ್ಲಿ ಪರ್ವತ ಬ್ಯಾಟರಿಗಳ ಸಣ್ಣ ತೋಪುಗಳನ್ನು ಬಿಟ್ಟರೆ ದೊಡ್ಡ ಫಿರಂಗಿ ಇಡಲು ಹೆದರಿದರು. ಆ ಹೆದರಿಕೆ ಸಡಿಲಿದ್ದು 1935ರ ಜನವರಿ 15ರಂದು, ನಮ್ಮ ಬೆಂಗಳೂರಿನಲ್ಲಿ. ಭಾರತೀಯ ಫೀಲ್ಡ್ ಆರ್ಟಿಲರಿಯ ಮೊದಲ ರೆಜಿಮೆಂಟ್, ಆಗಿನ ಹೆಸರಿನಲ್ಲಿ 'ಎ' ಫೀಲ್ಡ್ ಬ್ರಿಗೇಡ್, ಇಲ್ಲಿಯೇ ಹುಟ್ಟಿತು. ಮುಂದೆ ಭೂಸೇನೆಯ ಮುಖ್ಯಸ್ಥರಾದ ಜನರಲ್ ಪಿ. ಪಿ. ಕುಮಾರಮಂಗಲಂ ಆ ಕಾಲದ ಮೊದಲ ಭಾರತೀಯ ಗನ್ನರ್ ಅಧಿಕಾರಿಗಳಲ್ಲಿ ಒಬ್ಬರು. ಮೈಸೂರಿನ ಕಬ್ಬಿಣದ ರಾಕೆಟುಗಳ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೊಸನಗರದ ನಗರ ಕೋಟೆಯ ಹಾಳುಬಾವಿಯಿಂದ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟುಗಳು ಹೊರಬಂದಾಗ ಪತ್ರಿಕೆಗಳ ತುಂಬ ಅದೇ ಸುದ್ದಿ. ಬೆಂಗಳೂರಿನ ಈ 1935ರ ದಿನವನ್ನೂ ಅಷ್ಟೇ ಪ್ರೀತಿಯಿಂದ ನೆನೆಯಬೇಕು ಎಂಬುದು ನನ್ನ ಬಯಕೆ.

ಇಂಥ ದಳದಿಂದ ಈವರೆಗಿನ 21 ಪರಮವೀರ ಚಕ್ರಗಳಲ್ಲಿ ಒಂದೂ ಬಂದಿಲ್ಲ. ಕಾಲಾಳುಗಳಿಗೆ ಬಂದಿದೆ, ಟ್ಯಾಂಕಿನವರಿಗೆ ಬಂದಿದೆ, ವಾಯುಪಡೆಗೆ ಬಂದಿದೆ. ರಜೌರಿಯ ದಾರಿಯಲ್ಲಿ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟ ನಮ್ಮ ಕಾರವಾರ ಸೀಮೆಯ ರಾಮ ರಾಘೋಬ ರಾಣೆ ಅವರ ಮೂಲಕ ಎಂಜಿನಿಯರುಗಳಿಗೂ ಬಂದಿದೆ. ಗನ್ನರುಗಳಿಗೆ ಇಲ್ಲ. ಇದನ್ನು ಅನ್ಯಾಯ ಎಂದು ಕೂಗಲು ನಾನು ಹೊರಟಿಲ್ಲ, ಆದರೆ ಬ್ರಿಟಿಷರ ಕಾಲದ ಒಂದು ಉದಾಹರಣೆ ಏನನ್ನೋ ತೋರಿಸುತ್ತದೆ. ಫಿರಂಗಿ ದಳದ ಹವಾಲ್ದಾರ್ ಉಮ್ರಾವ್ ಸಿಂಗ್ ಅವರಿಗೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. 1944ರ ಡಿಸೆಂಬರಿನಲ್ಲಿ, ಬರ್ಮಾದ ಕಲಾದಾನ್ ಕಣಿವೆಯಲ್ಲಿ, ಅಲೆ ಅಲೆಯಾಗಿ ಬಂದ ಜಪಾನಿ ಸೈನಿಕರಿಂದ ತನ್ನ ಫಿರಂಗಿಯನ್ನು ಉಳಿಸಲು ಅವರು ಕೊನೆಗೆ ಕಬ್ಬಿಣದ ಹಾರೆಯಂಥ ಸಲಾಕೆ ಹಿಡಿದು ಕೈಕೈ ಮಿಲಾಯಿಸಿದರು. ಮೈತುಂಬ ಗಾಯವಾಗಿ ಪ್ರಜ್ಞೆ ತಪ್ಪಿ ಬಿದ್ದಿದ್ದರು, ಸುತ್ತ ಶತ್ರುಗಳ ಹೆಣಗಳು, ಫಿರಂಗಿ ಮಾತ್ರ ಸುರಕ್ಷಿತ. ಓದಿದರೆ ಮೈ ಜುಮ್ಮೆನ್ನುತ್ತದೆ. ಅದರ ಜೊತೆಗೇ ಒಂದು ಮಾತು ಹೊಳೆಯುತ್ತದೆ: ಗನ್ನರ್ ಕಾಲಾಳಿನಂತೆ ಹೊಡೆದಾಡಿದಾಗ ಮಾತ್ರ ಅವನ ಶೌರ್ಯ ಎಲ್ಲರಿಗೂ ಕಂಡಿತು. ಅವನು ಗನ್ನರನಂತೆಯೇ, ಅಂದರೆ ನೋಡಿ, ಎಣಿಸಿ, ಹೇಳಿ ಸತ್ತರೆ ಅದನ್ನು ನೋಡಲು ನಮಗೆ ಇನ್ನೂ ಕಣ್ಣು ಬಂದಿಲ್ಲ.

ದ್ರಾಸ್‌ನ ಗೋಡೆ

ಕೆಲವು ವರ್ಷಗಳ ಹಿಂದೆ ದ್ರಾಸ್‌ಗೆ ಹೋಗಿದ್ದೆ. ತೊಲೊಲಿಂಗ್ ಬುಡದಲ್ಲಿ, ಹೆದ್ದಾರಿಗೆ ಹೊಂದಿಕೊಂಡಿರುವ ಯುದ್ಧ ಸ್ಮಾರಕ. ಸಮವಸ್ತ್ರದ ಯುವ ಜವಾನನೊಬ್ಬ ಪ್ರವಾಸಿಗರನ್ನು ಕೂಡಿಸಿಕೊಂಡು, ಒಂದೊಂದೇ ಶಿಖರದತ್ತ ಕೈ ತೋರಿಸಿ ಅಲ್ಲಿ ಯಾರು ಹತ್ತಿದರು, ಯಾರು ಬಿದ್ದರು ಎಂದು ಹೇಳುತ್ತಿದ್ದ. ಎಷ್ಟು ಚೆನ್ನಾಗಿ ಹೇಳಿದನೆಂದರೆ ಗುಂಪಿನಲ್ಲಿದ್ದ ಹೆಂಗಸರು ಗಂಡಸರೆನ್ನದೆ ಅತ್ತರು. ಅವನು ಫಿರಂಗಿಗಳ ಬಗ್ಗೆಯೂ ಹೇಳಿದ, ಬೋಫೋರ್ಸ್ ಎಂದಾಗ ಚಪ್ಪಾಳೆ ಬಿತ್ತು. ಯಂತ್ರದ ಹೆಸರಿಗೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಆ ಯಂತ್ರಕ್ಕೆ ಗುರಿ ಹೇಳಿದವರ ಹೆಸರು ಆ ಮಧ್ಯಾಹ್ನ ಕೇಳಿಬರಲಿಲ್ಲ.

ಆಮೇಲೆ ಹೆಸರುಗಳ ಗೋಡೆಯ ಮುಂದೆ ನಿಂತು ಹುಡುಕಿದೆ. ಬಿಸಿಲು ಕಲ್ಲಿನ ಮೇಲೆ ಬಿದ್ದು ಅಕ್ಷರಗಳು ಸರಿಯಾಗಿ ಕಾಣುತ್ತಿರಲಿಲ್ಲ. ಕೈ ಅಡ್ಡ ಹಿಡಿದು ಓದಬೇಕಾಯಿತು. ಆ ಯುದ್ಧದಲ್ಲಿ ಸತ್ತ ನಮ್ಮ ಸೈನಿಕರು 527. ಕಾಲಾಳು ರೆಜಿಮೆಂಟುಗಳ ಹೆಸರುಗಳನ್ನು ಓದುತ್ತಾ ಹೋದರೆ ಒಂದೇ ಊರಿನ ಕಡೆಯ, ಒಂದೇ ಮನೆತನದ ಹೆಸರುಗಳು ಸಾಲಾಗಿ ಬರುತ್ತವೆ. ಫಿರಂಗಿಯವರ ಹೆಸರುಗಳಿಗೆ ಬಂದಾಗ ಹಾಗಿಲ್ಲ. ದೇಶದ ಎಲ್ಲ ಕಡೆಯವರು. ಪಕ್ಕದಲ್ಲಿ ತಮಿಳು ದಂಪತಿಗಳು ತಮ್ಮ ಮಗಳಿಗೆ ಬತ್ರಾ ಅವರ ಕಥೆ ಹೇಳುತ್ತಿದ್ದರು. ಪಾಯಿಂಟ್ 4875ನ್ನು ಈಗ ಜನ ಬತ್ರಾ ಟಾಪ್ ಎಂದೇ ಕರೆಯುತ್ತಾರೆ ಎಂದು ತಂದೆ ಹೇಳಿದಾಗ ಆ ಹುಡುಗಿ, "ಅಲ್ಲಿ ಬೇರೆ ಯಾರೂ ಇರಲಿಲ್ಲವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತಂದೆ ಅನುಜ್ ನಯ್ಯರ್ ಹೆಸರು ಹೇಳಿದರು. ನಾನು ಮಧ್ಯೆ ಬಾಯಿ ಹಾಕಿ ಇನ್ನೊಂದು ಹೆಸರು ಹೇಳಿದೆ, ಅವರ ಪಕ್ಕದ ರಾಜ್ಯದ ಹುಡುಗ ಎಂದೆ. ತಾಯಿ ಅದನ್ನು ಫೋನಿನಲ್ಲಿ ಬರೆದುಕೊಂಡರು.

2022ರ ಜುಲೈ 30ರಂದು ದ್ರಾಸ್‌ನ ಪಾಯಿಂಟ್ 5140ಕ್ಕೆ 'ಗನ್ ಹಿಲ್' ಎಂದು ಹೆಸರಿಟ್ಟರು, ಕಾರ್ಗಿಲ್‌ನಲ್ಲಿ ಹೋರಾಡಿದ ಎಲ್ಲ ಫಿರಂಗಿ ರೆಜಿಮೆಂಟುಗಳ ಗೌರವಕ್ಕೆ. ಸುದ್ದಿ ಓದಿ ನನಗೆ ನಿಜವಾಗಿಯೂ ಸಂತೋಷವಾಯಿತು. ಒಬ್ಬ ವ್ಯಕ್ತಿಯ ಹೆಸರಿಡದೆ ಇಡೀ ದಳದ ಹೆಸರಿಟ್ಟದ್ದರಲ್ಲಿ ಒಂದು ಔಚಿತ್ಯವಿದೆ. ಗುಂಡು ತುಂಬಿದವನು, ಲೆಕ್ಕ ಹಾಕಿದವನು, ಹೆದ್ದಾರಿಯಲ್ಲಿ ಶತ್ರುವಿನ ಶೆಲ್ಲುಗಳ ನಡುವೆ ಮದ್ದುಗುಂಡಿನ ಲಾರಿ ತಂದವನು, ಎಲ್ಲರೂ ಸೇರದೆ ಒಂದು ಗುಂಡೂ ಹಾರುವುದಿಲ್ಲ. ಆದರೆ ನನ್ನ ಆಸೆ ಇನ್ನೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಸ್ಮಾರಕದಲ್ಲಿ ಶಿಖರಗಳತ್ತ ಕೈ ತೋರಿಸಿ ಕಥೆ ಹೇಳುವ ಆ ಜವಾನನಿಗೆ, ಪ್ರತಿ ಪಲ್ಟನ್ನಿನ ಹೆಸರಿನ ಜೊತೆಗೆ ಅದಕ್ಕೆ ಬೆಂಬಲ ಕೊಟ್ಟ ಫಿರಂಗಿ ರೆಜಿಮೆಂಟಿನ ಹೆಸರನ್ನೂ, ಮೇಲೆ ಹೋದ ಓಪಿ ಅಧಿಕಾರಿಯ ಹೆಸರನ್ನೂ ಹೇಳಿಕೊಡಬೇಕು. ಟ್ವಿನ್ ಬಂಪ್ಸ್ ಎಂದಾಗ 2 ನಾಗಾ, 158 ಮೀಡಿಯಂ, ಕ್ಯಾಪ್ಟನ್ ಜೆರಿ ಪ್ರೇಮ್ ರಾಜ್ ಎಂದು ಒಂದೇ ಉಸಿರಿನಲ್ಲಿ ಬರಬೇಕು. ಅವರು ಹತ್ತಿದ್ದು ಹಾಗೆ ಜೊತೆಯಾಗಿಯೇ.